ಅಂಕಗಳಿಲ್ಲದ ಆ ಪೀರಿಯಡ್

ನಮ್ಮ ಕಾಲದಲ್ಲಿ ಕಾಲೇಜಿನ ಬೈಬಲ್ ಕ್ಲಾಸಿಗೆ ಪರೀಕ್ಷೆ ಇರಲಿಲ್ಲ, ಅಂಕವೂ ಇರಲಿಲ್ಲ. ಅದಕ್ಕೆ ಸಿಗುತ್ತಿದ್ದ ಮರ್ಯಾದೆಯೂ ಅಷ್ಟರಲ್ಲೇ ಇತ್ತು. ವಾರದ ಕೊನೆಯ ಪೀರಿಯಡ್. ಹಿಂದಿನ ಬೆಂಚಿನವರು ಬೇರೆ ವಿಷಯದ ನೋಟ್ಸ್ ಬರೆದುಕೊಳ್ಳುತ್ತಿದ್ದರು, ಕಿಟಕಿ ಪಕ್ಕದವರು ನಿದ್ದೆ ಮಾಡುತ್ತಿದ್ದರು. ಮೇಡಂ ಬೈಯುತ್ತಿರಲಿಲ್ಲ. "ಕೈ ಏನಾದರೂ ಮಾಡ್ಲಿ, ಕಿವಿ ತೆರೆದೇ ಇರುತ್ತೆ ಅಲ್ವಾ" ಎಂದು ಪಾಠ ಶುರು ಮಾಡುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ. ನಮ್ಮ ಬ್ಯಾಚಿನವರಿಗೆ ಯಾರೆಂದು ಗೊತ್ತೇ ಇದೆ. ಅವರ ಗಂಡ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಆ ವಿಷಯ ನಮಗೆ ಆಫೀಸಿನವರ ಬಾಯಿಂದ ತಿಳಿದದ್ದು. ಕಷ್ಟದ ಬಗ್ಗೆ ಅಷ್ಟೊಂದು ಪಾಠ ಮಾಡಿದ ಹೆಂಗಸು ತನ್ನ ಮನೆಯ ಕಷ್ಟವನ್ನು ಒಂದು ಸಲವೂ ಉದಾಹರಣೆಗೆ ತರಲಿಲ್ಲ.

ಚಾಪೆಲ್ ಬಾಗಿಲ ಪಕ್ಕದಲ್ಲಿ ಒಂದು ವಚನ ಬರೆದು ಹಾಕಿದ್ದರು. ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಕೇಡಿನದಲ್ಲ, ಹಿತದ್ದು, ನಿಮಗೆ ಒಳ್ಳೆಯ ನಾಳೆಯನ್ನು ಕೊಡುತ್ತೇನೆ ಎಂದು ದೇವರು ಹೇಳುವ ಮಾತು. ಪರೀಕ್ಷೆ ಹತ್ತಿರ ಬಂದಾಗ ನಾವೆಲ್ಲ ಅದನ್ನು ಮುಟ್ಟಿ ಮುಟ್ಟಿ ಹೋಗುತ್ತಿದ್ದೆವು. ಒಂದು ದಿನ ಮೇಡಂ ಕೇಳಿದರು: "11 ಎಲ್ಲರಿಗೂ ಬಾಯಿಪಾಠ. 10 ಯಾರಿಗೆ ಗೊತ್ತು?" ಯಾರಿಗೂ ಗೊತ್ತಿರಲಿಲ್ಲ. 10ನೇ ವಚನದಲ್ಲಿ ಇರುವುದು ಎಪ್ಪತ್ತು ವರ್ಷದ ಲೆಕ್ಕ, ಅಷ್ಟು ವರ್ಷ ತುಂಬಿದ ಮೇಲೆಯೇ ನಿಮ್ಮನ್ನು ಊರಿಗೆ ಮರಳಿಸುತ್ತೇನೆ ಎಂಬುದು.

ಆ ಅಧ್ಯಾಯ ಒಂದು ಪತ್ರ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ಯೆರೂಸಲೇಮಿನಿಂದ ರಾಜನನ್ನೂ ಸಾವಿರಾರು ಜನರನ್ನೂ ಸೆರೆ ಒಯ್ದ. ಯೆರೆಮೀಯ ಊರಲ್ಲೇ ಉಳಿದಿದ್ದ. ಅಲ್ಲಿಂದ ಅವರಿಗೆ ಬರೆದ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ, ನಿಮ್ಮನ್ನು ಎಳೆದೊಯ್ದವರ ಊರಿನ ಒಳಿತಿಗೂ ಪ್ರಾರ್ಥಿಸಿ. ಅಂದರೆ ಬೇಗ ವಾಪಸ್ ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದೇ ಅರ್ಥ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಅವನು ದೇವಾಲಯದಲ್ಲಿ, ಎಲ್ಲರೆದುರು ಸಾರಿದ. ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಿಗಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಹನನ್ಯ ಕಿತ್ತು ಮುರಿದ.

"ಜನಕ್ಕೆ ಯಾರು ಇಷ್ಟವಾಗಿದ್ದಿರಬೇಕು?" ಎಂದು ಮೇಡಂ ಕೇಳಿದರು. ಹನನ್ಯನೇ, ಇನ್ಯಾರು. ಆ ಪತ್ರ ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಎಪ್ಪತ್ತು ವರ್ಷ ಬದುಕಿರುವುದಿಲ್ಲ. ಭರವಸೆ ನಿಜ, ಆದರೆ ಅದು ಕೈಗೂಡುವುದನ್ನು ಅವರು ನೋಡುವುದಿಲ್ಲ. ಅಂಥವರಿಗೆ ಬರೆದ ಮಾತನ್ನು ನಾವು ಪರೀಕ್ಷೆಯ ಬೆಳಿಗ್ಗೆ ಮುಟ್ಟಿ ಹೋಗುತ್ತಿದ್ದೆವು. ಮುಟ್ಟುವುದನ್ನು ಬಿಡಲಿಲ್ಲ, ಅದು ಬೇರೆ ಮಾತು.

ಎರಡನೇ ವರ್ಷದಲ್ಲಿ ನಮ್ಮ ಅಪ್ಪ ತೀರಿಕೊಂಡರು. ಏನಾಯಿತು, ಹೇಗಾಯಿತು ಎಂಬುದು ಇಲ್ಲಿ ಬೇಡ. ಆಮೇಲಿನ ದಿನಗಳಲ್ಲಿ ಮನೆಗೆ ಬಂದವರ ಮಾತುಗಳು ಮಾತ್ರ ನೆನಪಿವೆ. "ಎಲ್ಲ ಒಳ್ಳೆಯದಕ್ಕೇ." "ದೇವರಿಗೆ ಬೇಕಾದವರನ್ನು ಬೇಗ ಕರೆದುಕೊಳ್ಳುತ್ತಾನೆ." "ಅಳಬಾರದು, ನಾವು ನಂಬಿಕೆಯವರು." ಕೊನೆಯ ಮಾತನ್ನು ಅಮ್ಮನಿಗೆ ಹೇಳಿದ್ದು ಸಭೆಯ ಹಿರಿಯರೊಬ್ಬರು. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತಿದ್ದನ್ನು ಅವರೂ ಎಷ್ಟೋ ಸಲ ಓದಿಯೇ ಇರುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತವನು ಯೇಸು.

ಮೇಡಂ ಬಂದರು. ಅಮ್ಮನ ಪಕ್ಕ ಕೂತರು. ವಚನ ಹೇಳಲಿಲ್ಲ. ತುಂಬ ಹೊತ್ತು ಸುಮ್ನೆ ಇದ್ದು, ಆಮೇಲೆ ಎದ್ದು ಒಳಗೆ ಹೋಗಿ ರಾಶಿ ಬಿದ್ದಿದ್ದ ಪಾತ್ರೆ ತೊಳೆದರು. ಹೊರಡುವಾಗ ನನ್ನನ್ನು ಕರೆದು, "ಫೀಸು ಕಟ್ಟೋಕೆ ಕೊನೇ ದಿನ ಯಾವತ್ತು?" ಎಂದು ಕೇಳಿದರು. ಅಷ್ಟೇ.

ಕಾಲೇಜಿಗೆ ಮರಳಿದ ಮೇಲೆ ನಾನೇ ಕೇಳಿದೆ, ಆ ದಿನ ಯಾಕೆ ಏನೂ ಮಾತಾಡಲಿಲ್ಲ ಅಂತ. ಅವರು ಬೈಬಲಿನ ಯೋಬನ ಗೆಳೆಯರ ಕಥೆ ಹೇಳಿದರು. ಯೋಬ ಒಳ್ಳೆಯವನು, ಆದರೂ ಆಸ್ತಿ, ಹತ್ತು ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡವನು. ಎಲೀಫಜ, ಬಿಲ್ದದ, ಚೋಫರ ಮೂವರೂ ದೂರದಿಂದ ಬಂದರು. ಗೆಳೆಯನ ಗುರುತು ಸಿಗದಷ್ಟು ಅವನ ಸ್ಥಿತಿ ಕೆಟ್ಟಿತ್ತು. ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. "ಅಲ್ಲಿಗೇ ಎದ್ದು ಮನೆಗೆ ಹೋಗಿದ್ದರೆ ಅವರಿಗಿಂತ ಒಳ್ಳೆಯ ಗೆಳೆಯರು ಇರ್ತಿರಲಿಲ್ಲ. ಬಾಯಿ ಬಿಟ್ಟರು, ಕೆಟ್ಟರು" ಎಂದು ನಕ್ಕರು. ನಿನ್ನ ಪಾಪಕ್ಕೇ ಈ ಕಷ್ಟ ಎಂಬುದು ಆ ಗೆಳೆಯರ ಮಾತಿನ ಸಾರ.

ಆ ವರ್ಷ ನನ್ನ ಕೈಹಿಡಿದದ್ದು ಅವರು ಓದಲು ಕೊಟ್ಟ 88ನೇ ಕೀರ್ತನೆ. ಕೀರ್ತನೆಗಳ ಪುಸ್ತಕವೆಂದರೆ ಬರೀ ಸ್ತುತಿ ಎಂದುಕೊಂಡಿದ್ದೆ. 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗೋಳು, ದೂರು, "ಎಲ್ಲಿದ್ದೀಯ, ಎಷ್ಟು ಕಾಲ ಹೀಗೆ" ಎಂಬ ಪ್ರಶ್ನೆಗಳು. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಹೊಗಳಿಕೆಗೆ ತಿರುಗುತ್ತವೆ. 88 ತಿರುಗುವುದೇ ಇಲ್ಲ. ಗೆಳೆಯರು ದೂರವಾದರು, ಕತ್ತಲೆಯೇ ನನ್ನ ಜೊತೆಗಾರ ಎಂಬಲ್ಲಿಗೆ ಮುಗಿದುಹೋಗುತ್ತದೆ. ಅದನ್ನು ಯಾರೂ ಕತ್ತರಿಸಿ ಎಸೆಯಲಿಲ್ಲ, ಕೊನೆಗೊಂದು ಸಮಾಧಾನದ ಸಾಲು ಸೇರಿಸಲಿಲ್ಲ. ಹಾಗೇ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿದಿದೆ. ಅಷ್ಟು ಕಹಿಯಾಗಿ ಮಾತಾಡಿದವನೂ ಮಾತಾಡುತ್ತಿರುವುದು ದೇವರ ಜೊತೆಗೇ. ಅವನು ಬೆನ್ನು ತಿರುಗಿಸಿ ಹೋಗಿಲ್ಲ. ಮನೆಯವರ ಮೇಲೆ ಕೂಗಾಡುತ್ತೇವೆ, ಬೀದಿಯಲ್ಲಿ ಹೋಗುವವರ ಮೇಲೆ ಕೂಗಾಡುತ್ತೇವಾ? ನಂಬಿಕೆ ಅಂದರೆ ನಗುಮುಖ ಎಂದು ತಿಳಿದಿದ್ದ ನನಗೆ ಇದು ದೊಡ್ಡ ಬಿಡುಗಡೆ. ಆ ವರ್ಷ ನಾನು ಮಾಡಿದ ಪ್ರಾರ್ಥನೆಗಳು ಯಾರೂ ಕೇಳುವಂತಿರಲಿಲ್ಲ. ಆದರೆ ಪ್ರಾರ್ಥನೆ ನಿಲ್ಲಲಿಲ್ಲ.

ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಬಗ್ಗೆ ಮೊದಲು ಕೇಳಿದ್ದೂ ಅವರಿಂದಲೇ. ದೇವರು ಒಳ್ಳೆಯವನಾದರೆ ಲೋಕದಲ್ಲಿ ನೋವು ಯಾಕೆ ಎಂದು 1940ರಲ್ಲೇ ಅಚ್ಚುಕಟ್ಟಾಗಿ ವಾದ ಮಾಡಿ ಪುಸ್ತಕ ಬರೆದವರು. 1960ರಲ್ಲಿ ಅವರ ಹೆಂಡತಿ ಜಾಯ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ತಮ್ಮ ದುಃಖದ ಬಗ್ಗೆ ಇನ್ನೊಂದು ಸಣ್ಣ ಪುಸ್ತಕ ತಂದರು, ಬೇರೆ ಹೆಸರಿನಲ್ಲಿ. ಅದರಲ್ಲಿ ವಾದ ಕಡಿಮೆ, ಗಾಯ ಜಾಸ್ತಿ. ಮೇಡಂ ಲೈಬ್ರರಿಯಲ್ಲಿ ಎರಡನ್ನೂ ಒಂದರ ಪಕ್ಕ ಒಂದು ಇಡಿಸಿದ್ದರು. ಮೊದಲನೆಯದು ಸುಳ್ಳು ಅಂತ ಅವರು ಹೇಳುತ್ತಿರಲಿಲ್ಲ. ಯಾವಾಗ ಯಾವುದನ್ನು ಯಾರ ಕೈಗೆ ಕೊಡಬೇಕು ಎಂಬ ಅಂದಾಜು ಇರಬೇಕು ಎನ್ನುತ್ತಿದ್ದರು.

ಕ್ಲಾಸು ನಿಜವಾಗಿ ಎದ್ದು ಕೂತದ್ದು ಒಂದೇ ದಿನ. ಫಿಲಿಪ್ಪಿಯ ಸೆರೆಮನೆಯ ಪಾಠ ನಡೆಯುತ್ತಿತ್ತು. ಯೇಸುವಿನ ಸುವಾರ್ತೆ ಸಾರಲು ಆ ಊರಿಗೆ ಹೋದ ಪೌಲ, ಸೀಲ ಇಬ್ಬರಿಗೂ ಏಟು ಬಿದ್ದಿದೆ, ಕಾಲಿಗೆ ಕೋಳ ಬಿಗಿದಿದ್ದಾರೆ, ಮಧ್ಯರಾತ್ರಿ ಹಾಡುತ್ತಿದ್ದಾರೆ. ಆಗ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಯಾರು ಹೊಡೆದರೂ ಹಾಡ್ತಾ ಕೂರಬೇಕಾ?" ಕೇಳಿದ ರೀತಿಯಲ್ಲೇ ಇದು ಬರೀ ಪಾಠದ ಪ್ರಶ್ನೆ ಅಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಮೇಡಂ ಪುಸ್ತಕ ಮುಚ್ಚಲಿಲ್ಲ. ಮುಂದಕ್ಕೆ ಓದಿ ಅಂದರು. ಅಪೊಸ್ತಲರ ಕೃತ್ಯಗಳು, 16ನೇ ಅಧ್ಯಾಯದ ಕೊನೆ. ಬೆಳಗಾದ ಮೇಲೆ ಅಧಿಕಾರಿಗಳು ಇವರನ್ನು ಬಿಟ್ಟುಬಿಡಿ ಎಂದು ಹೇಳಿ ಕಳಿಸುತ್ತಾರೆ. ಪೌಲ ಹೋಗುವುದಿಲ್ಲ. ನಾವು ರೋಮಿನ ಪೌರರು, ವಿಚಾರಣೆ ಇಲ್ಲದೆ ಎಲ್ಲರ ಮುಂದೆ ಹೊಡೆಸಿದಿರಿ, ಈಗ ಗುಟ್ಟಾಗಿ ಕಳಿಸ್ತೀರಾ, ನೀವೇ ಬಂದು ಕರೆದುಕೊಂಡು ಹೋಗಿ ಎನ್ನುತ್ತಾನೆ. ಅವರು ಹೆದರಿ ಬಂದು ಬೇಡಿಕೊಳ್ಳುತ್ತಾರೆ. "ರಾತ್ರಿಯ ಹಾಡು ಎಲ್ಲರಿಗೂ ನೆನಪಿರುತ್ತೆ, ಬೆಳಗಿನ ಮಾತು ಮರೆತುಬಿಡ್ತಾರೆ" ಎಂದರು ಮೇಡಂ. ಬೆಲ್ ಆದ ಮೇಲೆ ಆ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿದರು. ತಾಳ್ಮೆಯ ಹೆಸರಿನಲ್ಲಿ ಹೆಂಗಸರನ್ನೂ ಬಡವರನ್ನೂ ಸುಮ್ಮನಿರಿಸುವ ಬೋಧನೆಯನ್ನು ಆಮೇಲೆ ನಾನು ಎಷ್ಟೋ ಕಡೆ ಕೇಳಿದ್ದೇನೆ. ಪ್ರತಿ ಸಲವೂ ಆ ಅಧ್ಯಾಯದ ಕೊನೆಯನ್ನು ಓದಿ ಎಂದು ಹೇಳಬೇಕೆನಿಸುತ್ತದೆ. ಕೆಲವು ಕಡೆ ಹೇಳಿಯೂ ಇದ್ದೇನೆ, ಅಲ್ಲಿಗೆ ಮತ್ತೆ ಕರೆದಿಲ್ಲ!

ಹಾಗಂತ ಎಲ್ಲ ಕಷ್ಟಕ್ಕೂ ಎದುರು ನಿಂತು ಗೆಲ್ಲಬಹುದು ಎಂದಲ್ಲ. ಅದೇ ಪೌಲನಿಗೆ ಮೈಯಲ್ಲಿ ಏನೋ ಒಂದು ಮುಳ್ಳು ಇತ್ತು. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಯೇಸು ಪ್ರಾರ್ಥಿಸಿದರೂ ಅದು ದೂರವಾಗಲಿಲ್ಲ. ಪ್ರಾರ್ಥಿಸಿದರೂ ರೋಗ ವಾಸಿಯಾಗದಿದ್ದರೆ ನಿಮ್ಮ ನಂಬಿಕೆ ಸಾಲದು ಎನ್ನುವವರನ್ನು ಕಂಡರೆ ಮೇಡಂಗೆ ಎಲ್ಲಿಲ್ಲದ ಸಿಟ್ಟು. ಅವರ ಮನೆಗೂ ಅಂಥವರು ಬಂದಿದ್ದಿರಬೇಕು.

ನಮ್ಮ ಬ್ಯಾಚಿನ ಕೊನೆಯ ಪಾಠ ಯೋಬ 42, ಆ ಪುಸ್ತಕದ ಕೊನೆಯ ಅಧ್ಯಾಯ. ಯೋಬ ಕಳೆದುಕೊಂಡದ್ದೆಲ್ಲ ಅಲ್ಲಿ ಮರಳಿ ಬರುತ್ತದೆ. ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000 ಆಯಿತು. ಎಲ್ಲ ಎರಡರಷ್ಟು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು, ಮೂರು ಹೆಣ್ಣು. ಸತ್ತ ಹತ್ತು ಮಕ್ಕಳು ದೇವರ ಬಳಿ ಇದ್ದಾರಲ್ಲ, ಅವರನ್ನೂ ಸೇರಿಸಿದರೆ ಲೆಕ್ಕ ಸರಿ ಎಂದು ಯಾರೋ ಹೇಳಿದರು. ಪುನರುತ್ಥಾನ ನಂಬುವವರು ಹಾಗೆ ಹೇಳಬಹುದು, ಬೇಡ ಅನ್ನಲ್ಲ ಎಂದರು ಮೇಡಂ, "ಆದರೆ ಯೋಬನ ಹೆಂಡತಿಯ ಎದುರು ಈ ಲೆಕ್ಕ ಹೇಳೋಕೆ ನನಗಂತೂ ಧೈರ್ಯ ಸಾಲದು."

ಆ ಕೊನೆ ನನಗೆ ಇವತ್ತಿಗೂ ಪೂರ್ತಿ ಒಗ್ಗಿಲ್ಲ. ಯಾಕೆ ಹೀಗಾಯಿತು ಎಂದು ದೇವರು ಯೋಬನಿಗೆ ಹೇಳುವುದೇ ಇಲ್ಲ. ಮೇಡಂ ಈಗ ನಿವೃತ್ತರು, ಫೋನ್ ಮಾಡಿದಾಗಲೆಲ್ಲ ನಮ್ಮ ಮಾತು ಹೇಗೋ ಇಲ್ಲಿಗೇ ಬಂದು ನಿಲ್ಲುತ್ತದೆ. ನಿನ್ನ ವಿಷಯ ಕಿವಿಯಿಂದ ಮಾತ್ರ ಕೇಳಿದ್ದೆ, ಈಗ ನಿನ್ನನ್ನು ಕಣ್ಣಾರೆ ಕಂಡೆ ಎಂದು ಯೋಬ ದೇವರಿಗೆ ಹೇಳುವ 5ನೇ ವಚನವೇ ಇಡೀ ಪುಸ್ತಕದ ಉತ್ತರ ಎಂಬುದು ಅವರ ವಾದ. ನನಗೆ 7ನೇ ವಚನ ಬೇಕು. ದೇವರನ್ನು ಸಮರ್ಥಿಸಿಕೊಂಡು ಉದ್ದುದ್ದ ಮಾತಾಡಿದ ಗೆಳೆಯರಿಗೆ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ, ನೀವಲ್ಲ ಎಂದು ದೇವರು ಹೇಳುವುದು ಅಲ್ಲಿ. ದೇವರನ್ನೇ ದೂರಿದ ಯೋಬನ ಪರವಾಗಿ ಆ ಒಂದು ಮಾತು ಇಲ್ಲದಿದ್ದರೆ ಕುರಿ, ಒಂಟೆ ಎಷ್ಟು ಬಂದಿದ್ದರೂ ನನಗೆ ಆ ಪುಸ್ತಕ ಬೇಕಾಗುತ್ತಿರಲಿಲ್ಲ ಎನ್ನುತ್ತೇನೆ. "ಎರಡು ವಚನ ಮುಂದೆ ಹೋಗಿ ನಿಂತಿದ್ದೀಯ ಅಷ್ಟೇ, ಇನ್ನೂ ಓದು" ಎನ್ನುತ್ತಾರೆ ಅವರು.