ಬಿಳೀದು ಮೊದಲು, ನೀಲಿ ಆಮೇಲೆ

"ಬಿಳೀದು ಮೊದಲ ಬಂದದರಿ, ನೀಲಿ ಆಮ್ಯಾಗ. ನೋಡ್ರಿ, ಮ್ಯಾಲ ಕುಂತದ."

ಶನಿವಾರದಿಂದ ಈ ಮಾತು ತಲೆಯಲ್ಲೇ ತಿರುಗುತ್ತಿದೆ. ಹೇಳಿದವರು ಪುಣೆ ಪಕ್ಕದ ವಾಘೋಲಿಯ ಕಲ್ಲುಗಣಿಯಲ್ಲಿ ಕಲ್ಲು ಒಡೆಯುವವರು, ಕಲಬುರಗಿ ಕಡೆಯವರು. ನನ್ನ ಕನ್ನಡ ಕೇಳಿ ಹತ್ತಿರ ಬಂದಿದ್ದರು.

ಅವರ ಕೈಯಲ್ಲಿದ್ದ ಕಲ್ಲಿನ ಪೊಟರೆಯಲ್ಲಿ ಸ್ಟಿಲ್‌ಬೈಟ್ ಎಂಬ ಖನಿಜದ ಬಿಳಿ ಹರಳುಗಳು. ಅವುಗಳ ಮೇಲೆ ಕಡು ನೀಲಿ ಉಂಡೆಗಳು, ಮೈತುಂಬ ಸಣ್ಣ ಮೊನೆಗಳು. ಕಲ್ಲಿನಲ್ಲಿ ಅಂಥ ನೀಲಿ ಇರುತ್ತೆ ಅಂತ ಕಣ್ಣಾರೆ ನೋಡದೆ ನಂಬೋದು ಕಷ್ಟ.

ನನ್ನ ಜೊತೆಗಿದ್ದ ಖನಿಜ ಸಂಗ್ರಹಕಾರರು ನೋಡಿದ ಕೂಡಲೇ "ಅಜುರೈಟ್" ಅಂದರು. ಒಂದು ಹನಿ ಆಸಿಡ್ ಬಿಟ್ಟರು. ನೊರೆ ಬಂತು. "ಮುಗೀತಲ್ಲ" ಅಂದರು. ತುಂಬ ಓದಿಕೊಂಡವರು, ಆದರೆ ಆತುರ ಜಾಸ್ತಿ. ಉತ್ತರ ಸಿಕ್ಕಿತು ಅನ್ನಿಸಿದರೆ ಮತ್ತೆ ಕಲ್ಲನ್ನು ನೋಡುವುದೇ ಇಲ್ಲ.

ಆಗ ಬಂತು ಕಲ್ಲು ಒಡೆಯುವವರ ಆ ಮಾತು. ಲೆನ್ಸ್ ಹಿಡಿದು ನೋಡಿದೆ. ಗುಳ್ಳೆ ಏಳುತ್ತಿದ್ದದ್ದು ಪಕ್ಕದಲ್ಲಿದ್ದ ಕ್ಯಾಲ್ಸೈಟ್ ಎಂಬ ಬೇರೆ ಖನಿಜದಿಂದ. ನೀಲಿ ಸುಮ್ಮನಿತ್ತು. ಅಜುರೈಟ್ ತಾಮ್ರದ ಕಾರ್ಬೊನೇಟ್, ಆಸಿಡ್ ಬಿದ್ದರೆ ನೊರೆ ಬರುತ್ತದೆ; ಇದು ಅಜುರೈಟ್ ಆಗಿದ್ದರೆ ನೀಲಿಯಿಂದಲೇ ನೊರೆ ಏಳಬೇಕಿತ್ತು. ಇದು ಕ್ಯಾವನ್ಸೈಟ್. ಕ್ಯಾಲ್ಸಿಯಂ, ವನೇಡಿಯಂ ಇರುವ ಸಿಲಿಕೇಟ್, ಹರಳಿನೊಳಗೆ ನೀರೂ ಇದೆ. ಆ ನೀಲಿ ವನೇಡಿಯಂ ಕೊಟ್ಟದ್ದು. 1967ರಲ್ಲಿ ಅಮೆರಿಕದ ಆರಿಗನ್‌ನಲ್ಲಿ ಪತ್ತೆಯಾಯಿತು. ಆದರೆ ಅದರ ಅತಿ ಚೆಂದದ ತುಣುಕುಗಳು ಸಿಕ್ಕಿರುವುದು ವಾಘೋಲಿಯಲ್ಲಿ.

ಬಿಳೀದು ಮೊದಲು, ನೀಲಿ ಆಮೇಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲಿ ಲಾವಾ ಹರಿಯಿತು. ನಮ್ಮ ವಿಜಯಪುರ, ಬೀದರ್‌ನ ಕಪ್ಪು ಕಲ್ಲೂ ಅದೇ ಕಾಲದ್ದು. ಲಾವಾ ಗಟ್ಟಿಯಾದಾಗ ಗಾಳಿಗುಳ್ಳೆಗಳ ಜಾಗ ಪೊಟರೆಯಾಗಿ ಉಳಿಯಿತು. ಆಮೇಲೆ ಬಿಸಿನೀರು ಆ ಪೊಟರೆ, ಬಿರುಕುಗಳಲ್ಲಿ ಹಾದು ಒಂದಾದ ಮೇಲೊಂದು ಖನಿಜ ಬಿಟ್ಟುಹೋಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಓದುವುದೇ ಭೂವಿಜ್ಞಾನದ ಅರ್ಧ ಕೆಲಸ ಅಲ್ವಾ? ಅದನ್ನು ಈ ಮನುಷ್ಯ ಸುತ್ತಿಗೆ ಹಿಡಿದು ಕಲಿತಿದ್ದಾರೆ. ಯಾವ ಪರೀಕ್ಷೆಯನ್ನೂ ಬರೆದಿಲ್ಲ.

ಮ್ಯೂಸಿಯಂನ ಚೀಟಿಯಲ್ಲಿ ಊರಿನ ಹೆಸರಿರುತ್ತದೆ, ಕೆಲವೊಮ್ಮೆ ಸಂಗ್ರಹಕಾರರ ಹೆಸರೂ ಇರುತ್ತದೆ. ಕ್ಯಾವನ್ಸೈಟ್ ತುಂಬ ಮೆತ್ತಗಿನ ಖನಿಜ, ಚಾಕುವಿನಿಂದ ಗೀರಬಹುದು. ಒಂದು ಪೆಟ್ಟು ತಪ್ಪಿದರೂ ಪುಡಿ. ಹಾಗಿದ್ದೂ ಅದು ಗಾಜಿನ ಪೆಟ್ಟಿಗೆವರೆಗೆ ಹೋಗುತ್ತದೆ ಅಂದರೆ, ನೀಲಿ ಕಂಡ ಕೂಡಲೇ ಯಾರೋ ಕೈ ತಡೆದಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಆ ದಿನದ ನನ್ನ ಟಿಪ್ಪಣಿಯಲ್ಲಿ ಗುರುತಿಸಿದವರು ಎಂಬ ಕಡೆ ಈ ಕಲ್ಲು ಒಡೆಯುವವರ ಹೆಸರನ್ನೇ ಬರೆದಿದ್ದೇನೆ. ಸಂಗ್ರಹಕಾರರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ವಾಘೋಲಿಯಲ್ಲಿ ಪೆಂಟಗೊನೈಟ್ ಕೂಡ ಸಿಗುತ್ತದೆ. ಅದೇ ನೀಲಿ, ಒಳಗಿರುವ ಧಾತುಗಳೂ ಅವೇ, ಹರಳಿನ ಜೋಡಣೆ ಮಾತ್ರ ಬೇರೆ. ಇನ್ನೂ ಅಪರೂಪ. ಅದು ಬಿಳಿಯ ಮೇಲೆ ಕೂರುತ್ತದೋ, ಬರಿ ಕಲ್ಲಿನ ಮೇಲೋ ಎಂದು ಆ ಕಲ್ಲು ಒಡೆಯುವವರನ್ನೇ ಕೇಳಬೇಕು. ಮುಂದಿನ ತಿಂಗಳು ಮತ್ತೆ ಹೊರಡುತ್ತಿದ್ದೇನೆ.