ಲೆವೆಲ್ ಟೆಸ್ಟ್ ದಿನ

19 ನವೆಂಬರ್ 2025, ಬುಧವಾರ
ವಿಜಯನಗರ, ಬೆಂಗಳೂರು

ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಅಲಾರಂ ಹೊಡೆದಾಗ ನಾನು ಆಸ್ಪತ್ರೆಯ ಲ್ಯಾಬ್ ಮುಂದೆ ಕ್ಯೂನಲ್ಲಿದ್ದೆ. ಅಲಾರಂ ಆರಿಸಿದೆ, ಮಾತ್ರೆ ನುಂಗಲಿಲ್ಲ. ಲೆವೆಲ್ ಟೆಸ್ಟ್ ಇರುವ ದಿನ ಮಾತ್ರ ಹೀಗೆ. ನನಗೆ ಕಿಡ್ನಿ ಕಸಿ ಆಗಿದೆ; ಆ ಕಿಡ್ನಿಯನ್ನು ಮೈ ಬೇಡ ಅನ್ನದಿರಲಿ ಅಂತ ದಿನಾ ನುಂಗುವ ಮಾತ್ರೆ ಟ್ಯಾಕ್ರೊಲಿಮಸ್. ನಿನ್ನೆ ರಾತ್ರಿ ಎಂಟಕ್ಕೆ ನುಂಗಿದ್ದು ಹನ್ನೆರಡು ಗಂಟೆ ಕಳೆದ ಮೇಲೆ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡುವ ಪರೀಕ್ಷೆ ಇದು. ರಕ್ತ ಕೊಡುವ ಮೊದಲೇ ಬೆಳಗಿನ ಡೋಸ್ ನುಂಗಿದರೆ ಲೆಕ್ಕ ಜಾಸ್ತಿ ಬರುತ್ತದೆ. ಅದನ್ನು ನಂಬಿ ಡಾಕ್ಟರು ಡೋಸ್ ಇಳಿಸಿದರೆ ಕಿಡ್ನಿಗೇ ಕುತ್ತು. ಹಾಗಾಗಿ ಮಾತ್ರೆ ಡಬ್ಬಿ, ನೀರಿನ ಬಾಟಲಿ ಚೀಲದಲ್ಲೇ ಇರುತ್ತವೆ. ಸೂಜಿ ತೆಗೆದು ಹತ್ತಿ ಒತ್ತಿದ ತಕ್ಷಣ ಅಲ್ಲೇ ಬೆಂಚಿನ ಮೇಲೆ ಕೂತು ನುಂಗುತ್ತೇನೆ.

2021ರ ಮಾರ್ಚ್‌ನಲ್ಲಿ ಅಮ್ಮ ಕಿಡ್ನಿ ಕೊಟ್ಟರು. ನಾಲ್ಕೂವರೆ ವರ್ಷ ದಾಟಿತು. ಆಗ ಅಮ್ಮ ಒಂದು ಮಾತು ಕೇಳಿದ್ದರು: “ನನ್ನ ಹೊಟ್ಟೆಲಿ ಹುಟ್ಟಿದವನು ನೀನು. ನನ್ನ ಕಿಡ್ನೀನ ನಿನ್ನ ಮೈ ಯಾಕಪ್ಪಾ ಬೇಡ ಅನ್ನುತ್ತೆ?” ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಅರ್ಧ ನಿಂದು, ಅರ್ಧ ಅಪ್ಪಂದು ಸೇರಿ ನಾನು ಆಗಿರೋದು, ಹಾಗಾಗಿ ನಿನ್ನದು ಪೂರ್ತಿ ಹೊಂದಲ್ಲಮ್ಮ ಅಂತ ಹೇಳಿದ್ದೆ. 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮೊದಲ ಬಾರಿ ಕಿಡ್ನಿ ಕಸಿ ಗೆದ್ದಿದ್ದೇ ಕೊಟ್ಟವರು, ಪಡೆದವರು ಇಬ್ಬರೂ ತದ್ರೂಪಿ ಅವಳಿಗಳಾಗಿದ್ದರಿಂದ. ನಮ್ಮಂಥ ಉಳಿದವರಿಗೆಲ್ಲ ಮೈಯ ಕಾವಲನ್ನು ಸ್ವಲ್ಪ ತಗ್ಗಿಸಿ ಇಡುವ ಮಾತ್ರೆ ಬೇಕು. ಒಂದು ವಾರಕ್ಕೋ ಒಂದು ವರ್ಷಕ್ಕೋ ಅಲ್ಲ, ಆ ಕಿಡ್ನಿ ಕೆಲಸ ಮಾಡುವಷ್ಟು ದಿನವೂ.

ಕ್ಯೂನಲ್ಲಿ ನನ್ನ ಹಿಂದೆ ಮಾಗಡಿ ಕಡೆಯ ಹುಡುಗನೊಬ್ಬ ನಿಂತಿದ್ದ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಮಾತಿಗೆ ಮಾತು ಬಂತು. ಬಿಪಿಎಲ್ ಕಾರ್ಡಿನ ಮೇಲೆ ರಾಜ್ಯ ಸರ್ಕಾರದ ಅಂಗಾಂಗ ಕಸಿ ಯೋಜನೆಯಲ್ಲಿ ಆಪರೇಷನ್ ಆಗಿದೆ. ಮೊದಲ ವರ್ಷದ ಮಾತ್ರೆಗೂ ಅದರಲ್ಲೇ ಹಣ ಬಂದಿತ್ತು. ಈಗ ಎರಡನೇ ವರ್ಷ.

“ಅಣ್ಣಾ, ನಿಮಗೆ ತಿಂಗಳಿಗೆ ಎಷ್ಟಾಗುತ್ತೆ ಮಾತ್ರೆಗೆ?” ಅಂತ ಕೇಳಿದ.

ಹೇಳಿದೆ. ನನಗೆ ಈಗ ಟ್ಯಾಕ್ರೊ ಬೆಳಿಗ್ಗೆ ಒಂದೂವರೆ ಮಿಲಿಗ್ರಾಂ, ರಾತ್ರಿ ಒಂದು. ಅದಕ್ಕೆ 2,900 ರೂಪಾಯಿ. ಮೈಯ ಕಾವಲು ತಗ್ಗಿಸುವ ಇನ್ನೊಂದು ಮಾತ್ರೆ ಮೈಕೊಫಿನೊಲೇಟ್, 500ರದ್ದು ದಿನಕ್ಕೆರಡು, 3,300. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್, ಬಿಪಿ ಮಾತ್ರೆ ಇವನ್ನು ಜನೌಷಧಿ ಅಂಗಡಿಯಲ್ಲಿ ತಗೊಳ್ಳುತ್ತೇನೆ, ಅವೆಲ್ಲ ಸೇರಿ ನೂರೈವತ್ತು ದಾಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಲೆವೆಲ್ ಟೆಸ್ಟಿಗೆ 1,800. ಕಸಿಯಾದ ಮೊದಲ ಮೂರು ತಿಂಗಳು ಇದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಟ್ಯಾಕ್ರೊ ಡೋಸೇ ದೊಡ್ಡದು, ಜೊತೆಗೆ ಸಿಎಂವಿ ಅನ್ನೋ ವೈರಸ್ ಬರದಿರಲಿ ಅಂತ ವಾಲ್‌ಗ್ಯಾನ್ಸೈಕ್ಲೊವಿರ್. ಆ ಒಂದು ಮಾತ್ರೆಯ ಬೆಲೆಗೆ ಮನೆಗೆ ಎರಡು ದಿನದ ತರಕಾರಿ ಬರುತ್ತಿತ್ತು. ಇನ್ಶೂರೆನ್ಸ್ ಆಸ್ಪತ್ರೆಯಲ್ಲಿ ಮಲಗಿದ್ದಕ್ಕೆ ಕೊಟ್ಟಿತು, ಡಿಸ್ಚಾರ್ಜ್ ಆದ ಮೇಲೆ ಒಂದೆರಡು ತಿಂಗಳಿನದೂ ಕೊಟ್ಟಿತು. ಆಮೇಲಿನದೆಲ್ಲ ನಮ್ಮದೇ.

ಹುಡುಗ ತಲೆ ತಗ್ಗಿಸಿದ. “ನಾನು ರಾತ್ರಿದು ಒಂದು ದಿನ ಬಿಟ್ಟು ಒಂದು ದಿನ ತಗೊಳ್ತಾ ಇದೀನಿ ಅಣ್ಣಾ. ಏನೂ ಆಗಿಲ್ಲ. ಚೆನ್ನಾಗೇ ಇದೀನಿ.”

ನನ್ನ ಎದೆ ಧಸಕ್ಕೆಂದಿತು. ಹಿಂದೊಮ್ಮೆ ನಾನೂ ಹೀಗೇ ಅಂದುಕೊಂಡದ್ದು ನೆನಪಾಯಿತು.

2023ರಲ್ಲಿ ನಾನು ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿತು. ಎರಡು ತಿಂಗಳು ಸಂಬಳ ಇಲ್ಲ. ಮಗಳ ಸ್ಕೂಲ್ ಫೀಸು ಬಾಕಿ. ಮನೆಯಲ್ಲಿ ಯಾರಿಗೂ ಹೇಳದೆ ಬೆಳಗಿನ ಅರ್ಧ ಮಿಲಿಗ್ರಾಂ ಕ್ಯಾಪ್ಸೂಲ್ ಬಿಟ್ಟೆ. ಅರ್ಧ ತಾನೇ, ಅಷ್ಟರಲ್ಲಿ ಏನಾಗುತ್ತದೆ ಅಂದುಕೊಂಡೆ. ಅದೇ ಹೊತ್ತಿಗೆ ಮೆಡಿಕಲ್ ಶಾಪ್‌ನವರು ಬೇರೆ ಕಂಪನಿಯ ಟ್ಯಾಕ್ರೊ ಕೊಟ್ಟಿದ್ದಾರೆ. ಹೇಳಲೂ ಇಲ್ಲ, ನಾನು ಶೀಟು ತಿರುಗಿಸಿ ನೋಡಲೂ ಇಲ್ಲ. ಬಿಲ್ ಕಡಿಮೆ ಬಂತಲ್ಲ ಅಂತ ಖುಷಿಪಟ್ಟೆ. ಲೆವೆಲ್ ಟೆಸ್ಟನ್ನೂ ಮುಂದಕ್ಕೆ ಹಾಕಿದೆ. ಅದಕ್ಕೂ ದುಡ್ಡು ಬೇಕಲ್ಲ.

ಮೂರು ತಿಂಗಳಾದ ಮೇಲೆ ಹೋದರೆ ಲೆವೆಲ್ 3.1. ನನಗೆ ಇರಬೇಕಾದದ್ದು 5ರಿಂದ 8ರ ಒಳಗೆ. ಕ್ರಿಯಾಟಿನಿನ್ 1.2 ಇದ್ದದ್ದು 1.9 ಆಗಿತ್ತು. ಅದು ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ರಕ್ತದಲ್ಲಿ ಏರಿದರೆ ಕಿಡ್ನಿ ಸೋಲುತ್ತಿದೆ ಅಂತ. ನನಗೆ ನೋವಿಲ್ಲ, ಜ್ವರ ಇಲ್ಲ, ಮೂತ್ರ ಎಂದಿನಂತೆಯೇ ಹೋಗುತ್ತಿತ್ತು. ರಿಜೆಕ್ಷನ್, ಅಂದರೆ ಕಸಿ ಮಾಡಿದ ಕಿಡ್ನಿಯ ಮೇಲೆ ಮೈಯೇ ತಿರುಗಿ ಬೀಳುವುದು, ಹೇಳಿ ಕೇಳಿ ಬರುವುದಿಲ್ಲ. ಬಯಾಪ್ಸಿ ಮಾಡಿದರು, ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಆಸ್ಪತ್ರೆ ಬಿಲ್ 84,000 ರೂಪಾಯಿ. ಅಮ್ಮ ಕೈಬಳೆ ಅಡ ಇಟ್ಟರು. ಕಿಡ್ನಿ ಕೊಟ್ಟಿದ್ದರು, ಈಗ ಬಳೆಯೂ ಹೋಯಿತು. ಡಾಕ್ಟರ ಮುಂದೆ ಕೂತು ಅರ್ಧ ಬಿಟ್ಟಿದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಆ ಕಂಪನಿಯ ಔಷಧಿ ಕೆಟ್ಟದ್ದು ಅಂತ ಅಲ್ಲ. ಯಾವ ಕಂಪನಿಯದಾದರೂ ತಗೊಳ್ಳಿ. ಆದರೆ ಬದಲಾಯಿಸಿದರೆ ನಮಗೆ ಹೇಳಿ, ವಾರ ಬಿಟ್ಟು ಲೆವೆಲ್ ನೋಡೋಣ. ಈ ಮಾತ್ರೆ ಸ್ವಲ್ಪ ಕಡಿಮೆಯಾದರೂ ತೊಂದರೆ, ಸ್ವಲ್ಪ ಜಾಸ್ತಿಯಾದರೂ ಅದೇ ಕಿಡ್ನಿಗೆ ಪೆಟ್ಟು,” ಅಂದರು. ಡೋಸ್ ಕಡಿಮೆ ಮಾಡಿದ್ದರಿಂದಲೋ ಕಂಪನಿ ಬದಲಾದದ್ದರಿಂದಲೋ ಅಂತ ಕೇಳಿದೆ. ಎರಡೂ ಒಟ್ಟಿಗೇ ಆಗಿರುವುದರಿಂದ ಬಿಡಿಸಿ ಹೇಳೋಕಾಗಲ್ಲ ಅಂದರು. 1.2 ಅನ್ನೋ ಅಂಕಿಯನ್ನು ಆಮೇಲೆ ನಾನು ನೋಡಿಲ್ಲ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅರ್ಧ ಮಿಲಿಗ್ರಾಂನಿಂದ ಉಳಿಸಿದ ದುಡ್ಡೆಷ್ಟು, ಕಟ್ಟಿದ ದುಡ್ಡೆಷ್ಟು ಅಂತ ಅವನ ಫೈಲಿನ ಹಿಂದೆಯೇ ಬರೆದು ತೋರಿಸಿದೆ. ಅವನು ಸುಮ್ನೆ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, “ಡಯಾಲಿಸಿಸ್‌ಗೆ ಮಾತ್ರ ವಾಪಸ್ ಹೋಗಲ್ಲ ಅಣ್ಣಾ,” ಅಂದ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ, ಅಳೆದು ಕುಡಿಯುವ ನೀರು. ನಮ್ಮಿಬ್ಬರಿಗೂ ಅದು ಗೊತ್ತು.

ರಕ್ತ ಕೊಟ್ಟಾದ ಮೇಲೆ ಅವನನ್ನು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಕೇಂದ್ರದ ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಬಡ ರೋಗಿಗಳ ಮಾತ್ರೆಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವು ಕೊಡಲು ಅವಕಾಶ ಇದೆ. ಅದಕ್ಕೆ ಯಾವ ಕಾಗದ ಬೇಕು, ಯಾವ ಆಸ್ಪತ್ರೆಯ ಮೂಲಕ ಹೋಗಬೇಕು ಅಂತ ಮೇಡಂ ಬರೆದುಕೊಟ್ಟರು. ಡಾಕ್ಟರು ಒಪ್ಪಿದರೆ ಡಿಲ್ಟಿಯಾಜೆಮ್ ಅನ್ನೋ ಹಳೇ ಬಿಪಿ ಮಾತ್ರೆಯನ್ನು ಜೊತೆಗೆ ಕೊಟ್ಟು ಟ್ಯಾಕ್ರೊ ಡೋಸನ್ನೇ ಇಳಿಸುವ ದಾರಿಯೂ ಇದೆ. ಆ ಮಾತ್ರೆ ಟ್ಯಾಕ್ರೊ ಬೇಗ ಕರಗಿಹೋಗದಂತೆ ತಡೆಯುತ್ತದೆ. ಆದರೆ ಇದು ಲೆವೆಲ್ ನೋಡಿಕೊಂಡು ಡಾಕ್ಟರೇ ಮಾಡಬೇಕಾದ ಕೆಲಸ. ಇನ್ನೊಬ್ಬರ ಚೀಟಿ ನೋಡಿ ಯಾರೂ ದಯವಿಟ್ಟು ಮಾಡಬೇಡಿ. ಇದನ್ನು ಓದುತ್ತಿರುವವರಿಗೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ದೊಡ್ಡಮ್ಮನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲೂ ಎಷ್ಟೋ ಜನರಿಗೆ ಕಸಿಯಾಗಿ 36 ತಿಂಗಳಾದ ಮೇಲೆ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಮಾತ್ರೆಗೆ ದುಡ್ಡು ಕೊಡುವುದನ್ನು ನಿಲ್ಲಿಸುತ್ತಿತ್ತಂತೆ. ಮಾತ್ರೆ ಇಲ್ಲದೆ ಕಿಡ್ನಿ ಹೋದರೆ ಮತ್ತೆ ಡಯಾಲಿಸಿಸ್‌ಗೆ ಅದೇ ಮೆಡಿಕೇರ್ ಕೊಡಬೇಕು! 2023ರ ಜನವರಿಯಿಂದ ಬೇರೆ ಇನ್ಶೂರೆನ್ಸ್ ಇಲ್ಲದವರಿಗೆ ಮಾತ್ರೆಯ ಹಣ ಮುಂದುವರಿಸುವ ನಿಯಮ ಬಂತು. ನಮ್ಮಲ್ಲೂ ಈ ಲೆಕ್ಕವನ್ನು ಗಟ್ಟಿಯಾಗಿ ಹಾಕಬೇಕು. ಆಪರೇಷನ್‌ಗೆ ಲಕ್ಷಗಟ್ಟಲೆ ಕೊಟ್ಟ ಸರ್ಕಾರ, ಆ ಕಿಡ್ನಿ ಉಳಿಸುವ ಮಾತ್ರೆ ಎರಡನೇ ವರ್ಷವೂ ಹುಡುಗನ ಕೈಗೆ ಸಿಗುವಂತೆ ನೋಡಿಕೊಳ್ಳಬೇಕು ಅಲ್ವಾ?

ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಮನೆಗೆ ಬಂದೆ. ಮಾರ್ಕೆಟ್ ಹತ್ತಿರ ಗಾಡಿಯಲ್ಲಿ ಚಕ್ಕೋತ ಇಟ್ಟಿದ್ದರು. ದೇವನಹಳ್ಳಿ ಚಕ್ಕೋತ ಅಂದರೆ ನನಗೆ ಪ್ರಾಣ. ಆದರೆ ಅದು ಟ್ಯಾಕ್ರೊ ಲೆವೆಲ್ ಏರಿಸಬಹುದು, ನಾಲ್ಕೂವರೆ ವರ್ಷದಿಂದ ಒಂದು ತೊಳೆಯೂ ತಿಂದಿಲ್ಲ. ಮನೆಯಲ್ಲಿ ಬಸವನಗುಡಿ ಪರಿಷೆಯ ಕಡಲೆಕಾಯಿ ಬೇಯುತ್ತಿತ್ತು. ಜನಜಂಗುಳಿ, ಸೋಂಕು ಅಂತ ನನ್ನನ್ನು ಬಿಟ್ಟು ಹೆಂಡತಿ ಮಗಳು ಸೋಮವಾರ ಹೋಗಿ ತಂದಿದ್ದರು. ಬೇಯಿಸಿದ್ದು, ಬಿಸಿ ಬಿಸಿ. ಹೊಟ್ಟೆ ತುಂಬ ತಿಂದೆ.

ಅಮ್ಮ ದೋಸೆಗೆ ರುಬ್ಬುತ್ತಿದ್ದರು. ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾ ಅನ್ನೋ ಊರಿನ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಈಗಲೂ ಅದನ್ನು ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಹುದುಗು ಬರಿಸಿಯೇ ತೆಗೆಯುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಈ ಔಷಧಿ ಮಾಡುತ್ತದೆ. ಇದನ್ನು ಅಮ್ಮನಿಗೆ ಹಿಂದೊಮ್ಮೆ ಹೇಳಿದ್ದೆ. ಅಂದಿನಿಂದ ಹಿಟ್ಟಿನ ಪಾತ್ರೆ ಮುಚ್ಚುವಾಗಲೆಲ್ಲ, “ನಿನ್ನ ಮಾತ್ರೇನೂ ಹೀಗೇ ಉಬ್ಬಿ ಬರುತ್ತಾ?” ಅನ್ನುತ್ತಾರೆ. ಇವತ್ತೂ ಕೇಳಿದರು.

ಸಂಜೆ ಆರೂವರೆಗೆ ರಿಪೋರ್ಟ್ ಮೊಬೈಲಿಗೆ ಬಂತು. ಲೆವೆಲ್ 6.2. ಕ್ರಿಯಾಟಿನಿನ್ 1.5, ಹೋದ ಸಲದಷ್ಟೇ. ಅಮ್ಮ ಕನ್ನಡಕ ಹಾಕಿಕೊಂಡು ಗೋಡೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ 1.5 ಅಂತ ಬರೆದರು. ಪೆನ್ನು ಕೆಳಗಿಡುವ ಮೊದಲು, “ಆ ಹುಡುಗಂದು ಎಷ್ಟು ಬಂತಂತೆ?” ಅಂತ ಕೇಳಿದರು. ಫೋನ್ ಮಾಡಿದೆ. ಅವನದು ಇನ್ನೂ ಬಂದಿಲ್ಲ. ರಾತ್ರಿ ಡೋಸ್ ಮಾತ್ರ ಇವತ್ತು ತಗೊಳ್ತೀನಿ ಅಣ್ಣಾ ಅಂದ. ಎಂಟು ಗಂಟೆಗೆ ನನ್ನ ಅಲಾರಂ ಹೊಡೆದಾಗ ಅವನಿಗೂ ಒಂದು ಮಿಸ್ಡ್ ಕಾಲ್ ಕೊಟ್ಟೆ.