ತಾರೆಯ ಪೊಟ್ಟಣ ನಿಮ್ಮದರಂತೆಯೇ ಇದ್ದರೆ

ಮುಂಬೈ ಕಡೆಯ ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಮನೆಯಲ್ಲೇ ಸಾರಿನ ಪುಡಿ ಮಾಡಿ ಮಾರುವವರ ಪೊಟ್ಟಣವನ್ನೇ ಹೋಲುವ ಕವರಿನಲ್ಲಿ ಸಿನಿಮಾ ತಾರೆಯ ಬ್ರಾಂಡ್ ಅಂಗಡಿಗೆ ಬಂತೆನ್ನಿ. ಗಿರಾಕಿಗಳ ಕಣ್ಣಿಗೆ ಆಗ ಕಳ್ಳರಾಗಿ ಕಾಣುವುದು ಚಿಕ್ಕವರೇ!

ಸಿಟ್ಟಿನ ಪೋಸ್ಟ್ ಹಾಕುವ ಮೊದಲು ತಾರೆಯ ಬ್ರಾಂಡಿನ ಪೊಟ್ಟಣ ಒಂದನ್ನು ಬಿಲ್ ಸಮೇತ ಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ. ಡಿಸೈನರ್ ಕಳಿಸಿದ ಮೂಲ ಫೈಲು, ಪ್ರಿಂಟರ್‌ನ ಹಳೆಯ ಬಿಲ್, ಮೊದಲ ಮಾರಾಟದ ರಸೀದಿ, ಹೀಗೆ ತಾರೀಖು ಇರುವುದೆಲ್ಲ ಬೇಕು. "ಇದು ನಿಮ್ಮದೇನಾ?" ಎಂದು ಗಿರಾಕಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನಂತೂ ಅಳಿಸಲೇಬೇಡಿ. ಗೊಂದಲಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಪೊಟ್ಟಣ, ಬಣ್ಣಗಳ ಜೋಡಣೆ ಕೂಡ ವ್ಯಾಪಾರದ ಗುರುತೇ (ಟ್ರೇಡ್ ಮಾರ್ಕ್). ನೋಂದಣಿ ಇಲ್ಲದಿದ್ದರೂ 'ಪಾಸಿಂಗ್ ಆಫ್' ದಾವೆ, ಅಂದರೆ ತಮ್ಮ ಸರಕನ್ನು ನಿಮ್ಮದೆಂಬಂತೆ ಮಾರುವವರ ಮೇಲಿನ ದಾವೆ, ಹೂಡಬಹುದು. 27(2)ನೇ ಕಲಮು ಆ ಹಕ್ಕನ್ನು ಉಳಿಸಿದೆ. ಆದರೆ ಮಾರುಕಟ್ಟೆಯಲ್ಲಿ ಗಳಿಸಿದ ಹೆಸರು, ಗಿರಾಕಿ ಮೋಸಹೋಗುವಂಥ ಹೋಲಿಕೆ, ನಷ್ಟ ಮೂರನ್ನೂ ತೋರಿಸಬೇಕು. ಆರು ತಿಂಗಳ ವ್ಯಾಪಾರಕ್ಕೆ ಮೊದಲನೆಯದೇ ಕಷ್ಟ. ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ಮೆಣಸಿನಕಾಯಿ ಚಿತ್ರ ಒಂದೇ ಥರ ಇವೆ ಎಂದು ವಾದಿಸಿ ಉಪಯೋಗವಿಲ್ಲ, ಎಲ್ಲರದ್ದೂ ಹಾಗೇ. ತಡಮಾಡಿದಷ್ಟೂ ತಡೆಯಾಜ್ಞೆ ಸಿಗುವುದು ಕಷ್ಟ.

ಟ್ರೇಡ್ ಮಾರ್ಕ್ ನೋಂದಣಿಗೆ ಟಿಎಂ-ಎ ಎಂಬ ನಮೂನೆಯಲ್ಲಿ ಅರ್ಜಿ. ಸರಕುಗಳನ್ನು ಸಂಖ್ಯೆಯ ವರ್ಗಗಳಾಗಿ ವಿಂಗಡಿಸಿರುತ್ತಾರೆ: ಮಸಾಲೆಗೆ 30ನೇ ವರ್ಗ, ಉಪ್ಪಿನಕಾಯಿಗೆ 29. ಆನ್‌ಲೈನ್ ಶುಲ್ಕ ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ 4,500 ರೂಪಾಯಿ. ಹೆಸರಿಗೊಂದು, ಲೇಬಲ್ಲಿಗೊಂದು ಬೇರೆ ಅರ್ಜಿ ಹಾಕಿ: ಮುಂದೆ ಲೇಬಲ್ ಬದಲಿಸಿದರೂ ಹೆಸರಿನ ರಕ್ಷಣೆ ಉಳಿಯುತ್ತದೆ. ಡಬ್ಬಿಯ ಆಕಾರವೇ ಹೊಸದಾದರೆ 2000ದ ಡಿಸೈನ್ಸ್ ಕಾಯ್ದೆಯಡಿ ಅರ್ಜಿ ಹಾಕಬಹುದು, ಆದರೆ ಮಾರಾಟಕ್ಕೆ ಇಡುವ ಮೊದಲು. ಇನ್‌ಸ್ಟಾಗ್ರಾಮಿನಲ್ಲಿ ತೋರಿಸಿದ ಮೇಲೆ ಅದು ಕಾಯ್ದೆಯ ಕಣ್ಣಿಗೆ ಹೊಸದಲ್ಲ.